ಈರುಳ್ಳಿ ಮಂಡಿಯ ಬೋರ್ಡಿನ ಮೇಲೆ ಕರಣಿ

ನಮ್ಮಣ್ಣನ ಮದುವೆಗೆ ಅಡ್ಡ ಬಂದದ್ದು ಕರಣಿ. ಜಾತಕ ಕೂಡಿತ್ತು, ಮನೆತನ ಒಪ್ಪಿತ್ತು, ಎರಡೂ ಕಡೆಯವರು ಒಂದೇ ಮಠಕ್ಕೆ ನಡೆದುಕೊಳ್ಳುವವರು, ಹುಡುಗಿಯನ್ನು ನೋಡಿ ಅಣ್ಣನ ಬಾಯಿ ಒಣಗಿದ್ದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೆ. ಇಷ್ಟೆಲ್ಲ ಇದ್ದೂ ಆ ವರ್ಗಮೂಲದ ಚಿಹ್ನೆ ಬಂದು ಹೊಸಿಲ ಮೇಲೆ ಕೂತುಬಿಟ್ಟಿತು.

ಬೀಜಗಣಿತ ಕಲಿತು ಜೀವನದಲ್ಲಿ ಏನು ಉಪಯೋಗವಾಯಿತು ಎಂದು ಈಗಿನವರು ನನ್ನನ್ನು ಕೇಳುತ್ತಾರೆ. ಕೇಳುವವರ ಮುಖ ನೋಡಿದರೆ ಮಿಕ್ಕ ಪಾಠಗಳನ್ನೆಲ್ಲ ದಿನಾ ಬೆಳಿಗ್ಗೆ ಎದ್ದು ಉಪಯೋಗಿಸುತ್ತಿದ್ದಾರೇನೋ ಅನ್ನಿಸಬೇಕು. ಅಂಥವರಿಗೆ ಈ ಕಥೆ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮದು ಈರುಳ್ಳಿ ಮಂಡಿ. ಮುಂದೆ ಮಂಡಿ, ಹಿಂದೆ ಮನೆ, ನಡುವೆ ಉಗ್ರಾಣ. ಈರುಳ್ಳಿ ಸುಗ್ಗಿಯಲ್ಲಿ ನಮ್ಮ ಮನೆಯ ಹಾಲಿಗೂ ಈರುಳ್ಳಿಯ ವಾಸನೆ, ದೇವರ ಮನೆಯ ವಿಭೂತಿಗೂ ಈರುಳ್ಳಿಯ ವಾಸನೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಅಣ್ಣ, ನಾನು. ಅಣ್ಣ ನನಗಿಂತ ಎಷ್ಟೋ ದೊಡ್ಡವನು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಆಗಲೇ ವರ್ಷಗಳಾಗಿದ್ದವು. ಡುಮ್ಕಿ ಹೊಡೆದ ಮಾರನೆಯ ದಿನವೇ ಮಂಡಿಯ ಗಾದಿಯ ಮೇಲೆ ಕೂತವನು ಎದ್ದಿರಲಿಲ್ಲ. ನಾನು ಆ ವರ್ಷ ಹತ್ತನೇ ತರಗತಿ.

ಹೆಣ್ಣು ನೋಡಲು ಕಡೂರಿಗೆ ಹೋದೆವು. ಹುಡುಗಿಯ ತಂದೆ ಹೈಸ್ಕೂಲು ಮೇಷ್ಟ್ರು. ಯಾವ ವಿಷಯದ ಮೇಷ್ಟ್ರು ಎಂದು ನಮ್ಮಪ್ಪ ವಿಚಾರಿಸಿಕೊಂಡಿರಲಿಲ್ಲ. ಈರುಳ್ಳಿ ಚೀಲವನ್ನು ಬಾಯಿ, ತಳ, ಹೊಟ್ಟೆ ಮೂರೂ ಕಡೆ ಚುಚ್ಚಿ ನೋಡುವ ಮನುಷ್ಯ, ಮಗನ ಮಾವ ಆಗುವವರು ಏನು ಪಾಠ ಹೇಳುತ್ತಾರೆ ಎಂದು ಕೇಳಿರಲಿಲ್ಲ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಪಿಯುಸಿಗೆ ಸೇರಿದ್ದಾಳೆ ಎಂದರು. ಆಮೇಲೆ ಮೇಷ್ಟ್ರು, ಹುಡುಗ ಎಲ್ಲಿಯವರೆಗೆ ಓದಿದ್ದಾನೆ ಎಂದು ಕೇಳಿದರು.

"ಎಸ್ಸೆಸ್ಸೆಲ್ಸಿ ಆಗೈತೆ ಅಂತ್ಲೇ ಇಟ್ಕಳಿ," ಅಂದರು ಅಪ್ಪ. "ಒಂದೇ ಒಂದು ಸಬ್ಜೆಕ್ಟು ನಿಂತೈತೆ, ಅಷ್ಟೇ."

ಯಾವ ಸಬ್ಜೆಕ್ಟು ಎಂದು ಅವರು ಕೇಳಿದರು. ಅಪ್ಪ ತೊಲೆ ನೋಡಿದರು. ಅಣ್ಣ ಚಾಪೆಯ ಅಂಚು ನೋಡಿದ. ಅಜ್ಜಿಗೆ ಮಾತ್ರ ಮುಚ್ಚಿಡುವ ಅಭ್ಯಾಸವೇ ಇರಲಿಲ್ಲ. "ಲೆಕ್ಕ ಕಣಪ್ಪಾ," ಅಂದುಬಿಟ್ಟಳು. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರು ಲೆಕ್ಕದ ಮೇಷ್ಟ್ರೇ ಆಗಿದ್ದರು.

ಆಗ ಒಳಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು. ಅವಳು ಅದನ್ನು ತನ್ನ ತಂದೆಗೆ ಹೇಳಿದಳೋ ನಮಗೆ ಹೇಳಿದಳೋ, ಎಲ್ಲರಿಗೂ ಕೇಳಿಸಿತು. "ಆ ಒಂದನ್ನ ಪಾಸ್ ಮಾಡ್ಕಂಡು ಬರ್ಲಿ ಅಪ್ಪಾ. ಮಾರ್ಚ್ ತನಕ ನಾನೇನೂ ಎಲ್ಲಿಗೂ ಓಡಿಹೋಗಲ್ಲ."

ಬೀರೂರಿನಲ್ಲಿ ರೈಲು ಕಾಯುತ್ತಾ ಕೂತೆವು. ಅಜ್ಜಿ ಎಲೆಯಡಿಕೆ ಹಾಕಿಕೊಂಡು ಮಗನ ಕಡೆ ತಿರುಗಿದಳು. "ನಮ್ ಕಾಲ್ದಲ್ಲಿ ಹೆಣ್ಣು ನೋಡಕ್ಕೆ ಹೋದ್ರೆ ಹೆಣ್ಣನ್ನ ನಡಿಸಿ ನೋಡೋರು. ಇವತ್ತು ನಮ್ ಹುಡುಗನ್ನೇ ನಡಿಸಿ ನೋಡಿ ಕಳಿಸಿದ್ರಲ್ಲೋ." ಊರು ಸೇರುವ ಹೊತ್ತಿಗೆ, ಬೇರೆ ಹೆಣ್ಣು ನೋಡೋಣ ಎಂದ ಅಪ್ಪನಿಗೆ ಅಣ್ಣ ಬೇಡ ಎಂದ. ಪರೀಕ್ಷೆಗೆ ಕಟ್ಟುತ್ತೇನೆ ಎಂದ. ನಮ್ಮ ಮನೆಯಲ್ಲಿ ಅವನು ಯಾವುದಕ್ಕಾದರೂ ಬೇಡ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಾಗಾದರೆ ನಾನು ಹೇಳಿಕೊಡುತ್ತೇನೆ ಎಂದೆ. ನನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಘಾತಾಂಕ, ಕರಣಿ ಎರಡೂ ನಮ್ಮ ಕ್ಲಾಸಿನಲ್ಲಿ ಆಗಷ್ಟೇ ಶುರುವಾಗಿದ್ದವು. ಅಪ್ಪ ನಕ್ಕ ನಗೆಗೆ ಉಗ್ರಾಣದ ಇಲಿಗಳು ಓಡಿಹೋಗಿರಬೇಕು. ಮೀಸೆ ಬಂದವನು ಎರಡು ಜಡೆ ಹಾಕಿಕೊಂಡವಳ ಮುಂದೆ ಕೂತು ಪಾಠ ಹೇಳಿಸಿಕೊಳ್ಳುವುದೇ, ಮಂಡಿಗೆ ಬರುವ ಜನ ಏನನ್ನಬೇಕು, ಎಂದರು. ಜನ ಏನನ್ನಬೇಕು ಎನ್ನುವುದು ಅಪ್ಪನ ಮಟ್ಟಿಗೆ ಎಲ್ಲ ಲೆಕ್ಕಗಳ ಕೊನೆಯ ಸಾಲು. ತರೀಕೆರೆಯಲ್ಲಿ ಒಬ್ಬ ಟ್ಯೂಷನ್ ಮೇಷ್ಟ್ರಿದ್ದಾರೆ, ಅವರ ಕೈಗೆ ಬಿದ್ದ ಹುಡುಗ ಪಾಸಾಗದೆ ಇದ್ದದ್ದಿಲ್ಲ ಎಂದು ಯಾರೋ ಹೇಳಿದ್ದರು. ಅಣ್ಣ ವಾರಕ್ಕೆ ಎರಡು ಸಲ ಬಸ್ಸು ಹತ್ತಿ ತರೀಕೆರೆಗೆ ಹೊರಟ.

ಅಭ್ಯಾಸ ಮಾಡಲು ಮನೆಯಲ್ಲಿ ಅವನಿಗೆ ನಾಚಿಕೆ. ನನ್ನ ಕಣ್ಣಿಗೆ ಬೀಳುತ್ತದಲ್ಲ. ಹಾಗಾಗಿ ಮಂಡಿಯಲ್ಲಿ ದಿನದ ದರ ಬರೆಯುವ ಕರಿ ಬೋರ್ಡನ್ನೇ ಹಿಡಿದ. ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ದರಗಳನ್ನು ಒರಸಿ ಅಲ್ಲಿ ಕರಣಿ ಬರೆಯುವುದು, ಸಂಜೆ ಕರಣಿ ಒರಸಿ ಮತ್ತೆ ದರ ಬರೆಯುವುದು. ಒಂದೊಂದು ದಿನ ಒರಸಲು ಮರೆತು, ಗಾಡಿ ಕಟ್ಟಿಕೊಂಡು ಬಂದ ರೈತರು ಗಡ್ಡೆ ಈರುಳ್ಳಿಗೆ ಎಕ್ಸು ವೈಯ ದರ ಯಾಕೆ ಹಾಕಿದ್ದೀರಿ ಎಂದು ಕೇಳುವುದೂ ಆಗುತ್ತಿತ್ತು.

ಒಂದು ದಿನ ಶಾಲೆಯಿಂದ ಬರುತ್ತಾ ಬೋರ್ಡು ನೋಡಿದೆ. ದುಂಡಗೆ, ಮುತ್ತು ಪೋಣಿಸಿದ ಹಾಗೆ ಬರೆದಿದ್ದ:

√9 + √16 = √25

ಪಕ್ಕದಲ್ಲಿ ದೊಡ್ಡದೊಂದು ರೈಟು ಹಾಕಿದ್ದ. ಆ ರೈಟು ನೋಡಿಯೇ ನನಗೆ ಮೈ ಉರಿಯಿತು.

"ಅಣ್ಣಾ, ರೂಟ್ ಒಂಬತ್ತು ಅಂದ್ರೆ ಎಷ್ಟು?"

"ಮೂರು."

"ರೂಟ್ ಹದಿನಾರು?"

"ನಾಕು. ಏನೇ, ನನ್ನ ಪರೀಕ್ಷೆ ಮಾಡ್ತಿದೀಯಾ?"

"ಮೂರೂ ನಾಕೂ ಏಳು. ರೂಟ್ ಇಪ್ಪತ್ತೈದು ಅಂದ್ರೆ ಐದು. ಏಳು ಇದ್ದದ್ದು ಐದು ಹೆಂಗಾಯ್ತು?"

ಅವನು ಬೋರ್ಡನ್ನೊಮ್ಮೆ ನೋಡಿದ. ಗಾಬರಿಯಾಗಲಿಲ್ಲ. ಒಂದು ಚೂರೂ ಆಗಲಿಲ್ಲ. ಲೋಕಜ್ಞಾನವಿಲ್ಲದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿ, "ಸೂಟು ಕಣೇ," ಅಂದ.

ಸೂಟು ಎಂದರೇನು ಎಂದು ಮಂಡಿ ಕಾಣದವರಿಗೆ ಹೇಳಬೇಕು. ರೈತ ತಂದ ಮಾಲನ್ನು ತೂಗಿದ ಮೇಲೆ ಮಣ್ಣು, ಸಿಪ್ಪೆ, ಕೊಳೆತದ್ದು, ಒಣಗುವುದು ಎಂದು ಹೇಳಿ ತೂಕದಲ್ಲಿ ಇಷ್ಟನ್ನು ಹಿಡಿದುಕೊಳ್ಳುವುದಕ್ಕೆ ಸೂಟು ಎನ್ನುತ್ತಾರೆ. ಮಣ್ಣು ಇರಲಿ ಬಿಡಲಿ, ಸೂಟು ಇದ್ದೇ ಇರುತ್ತದೆ. ಅದನ್ನು ಯಾರು ಶುರು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ನಾವು ಉಂಡದ್ದು, ಉಟ್ಟದ್ದು, ನನ್ನ ಶಾಲೆಯ ಪುಸ್ತಕ, ಎಲ್ಲದರಲ್ಲೂ ಆ ಸೂಟಿನ ಪಾಲಿತ್ತು. ಹಾಗಾಗಿ ನಮ್ಮಣ್ಣನ ತಲೆಯಲ್ಲಿ ಎರಡು ಕೂಡಿದರೆ ಒಂದಿಷ್ಟು ಕಾಣೆಯಾಗುವುದು ಸೂರ್ಯ ಮುಳುಗುವಷ್ಟೇ ಸಹಜ.

ಅಷ್ಟಕ್ಕೇ ಬಿಡದೆ ವಿವರಿಸಿದ. ಎರಡು ರಾಶಿ ಬೇರೆ ಬೇರೆ ಇದ್ದಾಗ ಏಳು. ಎರಡನ್ನೂ ಒಂದೇ ಚಪ್ಪರದ ಕೆಳಗೆ ಸುರಿದರೆ ಸೂಟು ಹೋಗಿ ಐದು. "ಮತ್ತೆ ಮೇಲೆ ಆ ಗೀಟು ಎಳ್ದಿರೋದು ಯಾಕೆ ಅಂದ್ಕಂಡೆ? ಅದೇ ಚಪ್ಪರ."

ನಾನು ನ್ಯಾಯಕ್ಕೆ ಅಪ್ಪನ ಹತ್ತಿರ ಹೋದೆ. ಅಪ್ಪ ಕನ್ನಡಕ ಏರಿಸಿಕೊಂಡು ಬೋರ್ಡು ನೋಡಿ, ಅವನು ಹೇಳುವುದರಲ್ಲಿ ತಪ್ಪೇನಿದೆ ಎಂದರು. ಹಮಾಲರು ಹೂಂಗುಟ್ಟಿದರು. ಇಡೀ ಮಂಡಿಯೇ ಒಂದು ಕಡೆ. ತೂಕಕ್ಕೆ ಕಾಯುತ್ತಾ ಚೀಲಕ್ಕೊರಗಿ ಬೀಡಿ ಸೇದುತ್ತಿದ್ದ ರೈತನೊಬ್ಬ ಮಾತ್ರ ನಿಧಾನಕ್ಕೆ ಬಾಯಿ ಬಿಟ್ಟ. "ಏನಾರ ಆಗ್ಲಿ ಸಾವ್ಕಾರ್ರೇ, ಏಳಕ್ಕೆ ಎಲ್ಡು ಹಿಡಿಯೋದು ಜಾಸ್ತಿ ಆಯ್ತು."

ಆ ತರೀಕೆರೆ ಮೇಷ್ಟ್ರಾದರೂ ಇದನ್ನು ತಿದ್ದಲಿಲ್ಲವೇ ಎಂದು ನನಗೆ ಆಶ್ಚರ್ಯ. ತರೀಕೆರೆಯಲ್ಲಿ ಅಜ್ಜಿಗೆ ಕಣ್ಣು ತೋರಿಸುವುದಿತ್ತು. ಅದೇ ನೆಪದಲ್ಲಿ ಒಂದು ಭಾನುವಾರ ನಾನೂ ಹೊರಟೆ. ಅಜ್ಜಿಯನ್ನು ಕಣ್ಣಿನ ಡಾಕ್ಟರ ಬೆಂಚಿನ ಮೇಲೆ ಕೂರಿಸಿ, ಅಣ್ಣನ ಹಿಂದೆ ಮೇಷ್ಟ್ರ ಮನೆಗೆ ಹೋದೆ.

ಜಗಲಿಯ ತುಂಬಾ ಹುಡುಗರು. ಲಿಂಗದಹಳ್ಳಿಯ ಕಡೆಯಿಂದ ಬಂದವರು, ಬೀರೂರಿನವರು, ಮೀಸೆ ಬಂದವರು, ಬಾರದವರು. ಮೇಷ್ಟ್ರು ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು ಕೂತು ನಶ್ಯ ಏರಿಸುತ್ತಿದ್ದರು. ಅವರು ಪಾಠ ಎನ್ನುವುದನ್ನು ಮಾಡುತ್ತಿರಲಿಲ್ಲ. ಅದರ ಬದಲು ಅಭ್ಯಾಸ ಮಾಡಿಸುತ್ತಿದ್ದರು. ಅಭ್ಯಾಸವೆಂದರೆ ಅವರು ಇಂಪಾರ್ಟೆಂಟು ಎಂದ ಲೆಕ್ಕವನ್ನು ಬರೆಯುವುದು, ಮತ್ತೆ ಬರೆಯುವುದು, ಕೈ ಸೋಲುವವರೆಗೂ ಬರೆಯುವುದು. ಬರೆದು ತಂದು ತೋರಿಸಿದರೆ ಮೇಷ್ಟ್ರು ಮೇಲಿನ ಸಾಲುಗಳನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಉತ್ತರಗಳ ಪುಟವಿರುತ್ತದಲ್ಲ, ಅಲ್ಲಿ ಬೆರಳಿಟ್ಟು, ಹುಡುಗನ ಕೊನೆಯ ಸಾಲಿನ ಜೊತೆ ಹೋಲಿಸಿ, "ಬಂತಾ? ಬಂತು," ಎಂದು ರೈಟು ಎಳೆದು ಮುಂದಿನವನನ್ನು ಕರೆಯುತ್ತಿದ್ದರು. ಹುಡುಗರು ದಡ್ಡರಲ್ಲ. ಎಲ್ಲರೂ ಮೊದಲು ಕೊನೆಯ ಸಾಲನ್ನು ಬರೆದುಕೊಂಡು, ಆಮೇಲೆ ಅಲ್ಲಿಗೆ ಹೇಗಾದರೂ ಹೋಗಿ ಮುಟ್ಟುತ್ತಿದ್ದರು. ಮುಟ್ಟದೆ ಹೋದರೆ ನಮ್ಮಣ್ಣ ನಡುವೆ ಎಲ್ಲಾದರೂ ಸೂಟು ಹಿಡಿಯುತ್ತಿದ್ದ.

ನಾನು ಧೈರ್ಯ ಮಾಡಿ ಮೇಷ್ಟ್ರಿಗೆ ಅಣ್ಣನ ಆ ಲೆಕ್ಕ ಹೇಳಿದೆ. ಒಂಬತ್ತು, ಹದಿನಾರು, ಇಪ್ಪತ್ತೈದು. ಅವರು ಮೂಗು ಒರಸಿಕೊಂಡು, ಇಷ್ಟು ಸುಲಭದ್ದು ಪರೀಕ್ಷೆಗೆ ಬರುವುದಿಲ್ಲ, ಬಾರದ್ದರಲ್ಲಿ ಸರಿಯೇನು ತಪ್ಪೇನು ಎಂದರು. ನಂತರ, "ಹೆಣ್ಮಕ್ಕಳಿಗೆ ಈ ಉಸಾಬರಿ ಯಾಕಮ್ಮಾ," ಎಂದು ಸೇರಿಸಿದರು. ಜಗಲಿಯ ಹುಡುಗರೆಲ್ಲ ನಕ್ಕರು. ನಮ್ಮಣ್ಣನೂ ನಕ್ಕ. ಮರಳಿ ಬರುವಾಗ ಬಸ್ಸಿನಲ್ಲಿ ಅಜ್ಜಿಗೆ ಎಲ್ಲ ಹೇಳಿದೆ. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಸೆರಗು ಮುಚ್ಚಿ ಕೂತಿದ್ದ ಅವಳು, ಆ ಮೇಷ್ಟ್ರಿಗೂ ತನ್ನ ಡಾಕ್ಟರೇ ಬೇಕು ಎಂದಳು.

ಕಾರ್ತಿಕದ ಹೊತ್ತಿಗೆ ಈರುಳ್ಳಿ ರಾಶಿ ರಾಶಿಯಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಕಡೂರಿನ ಮೇಷ್ಟ್ರು, ಅದೇ ಹುಡುಗಿಯ ತಂದೆ, ಕೈಯಲ್ಲಿ ಖಾಲಿ ಚೀಲ ಹಿಡಿದು ಮಂಡಿಯ ಮುಂದೆ ಬಂದು ನಿಂತರು. ಹೊಸದುರ್ಗದ ಕಡೆ ನೆಂಟರ ಮನೆಗೆ ಹೋಗಿದ್ದೆ, ಬರುವಾಗ ಇಳಿದೆ, ಮನೆಗೆ ಒಂದಿಷ್ಟು ಈರುಳ್ಳಿ ಬೇಕಿತ್ತು ಎಂದರು. ಕಡೂರಿನಲ್ಲಿ ಈರುಳ್ಳಿ ಸಿಗುವುದಿಲ್ಲವೇ? ಹೆಣ್ಣು ಕೊಡುವವರು ಹೀಗೆ ಏನಾದರೂ ನೆಪ ಹಿಡಿದು ಬಂದು ಮನೆ, ಜನ, ಅಂಗಡಿ ನೋಡಿಕೊಂಡು ಹೋಗುವುದು ನಮ್ಮ ಕಡೆ ಇದ್ದದ್ದೇ. ಗೊತ್ತಿದ್ದೂ ಗೊತ್ತಿಲ್ಲದವರಂತೆ ಅಪ್ಪ ಓಡಿಹೋಗಿ ಚಾಪೆ ಹಾಸಿದರು. ನಾನು ನೀರು ತಂದುಕೊಟ್ಟೆ.

ಮೇಷ್ಟ್ರು ನೀರು ಕುಡಿಯುತ್ತಾ ತಲೆಯೆತ್ತಿದರು. ಎದುರಿಗೆ ಬೋರ್ಡು. ಅಂದು ಅಣ್ಣ ಹೊಸ ರಾಶಿ ಹಾಕಿದ್ದ. √36 ಮತ್ತು √64 ಕೂಡಿ √100 ಆಗಿದ್ದವು, ಪಕ್ಕದಲ್ಲಿ ಅದೇ ರೈಟು. ಲೋಟ ಅವರ ಬಾಯಿಯ ಹತ್ತಿರವೇ ನಿಂತಿತು.

"ಇದನ್ನ ಯಾರು ಬರೆದದ್ದು?"

ಹಮಾಲರು ಅಣ್ಣನನ್ನು ನೋಡಿದರು. ಅಣ್ಣ ನನ್ನನ್ನು ನೋಡಿದ. "ನನ್ ತಂಗಿ," ಅಂದ. "ಈ ಸಲ ಹತ್ತನೇ ಕ್ಲಾಸು."

ಅಪ್ಪ ಕೆಮ್ಮಿದರು. ಕೆಮ್ಮಿ ಸುಮ್ಮನಾದರು.

ಮೇಷ್ಟ್ರು ಒಳ್ಳೆಯವರು. ಬೈಯಲಿಲ್ಲ. ಮಗೂ ಇಲ್ಲಿ ಬಾ ಎಂದು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿಕೊಂಡು, ಮೂಲಗಳನ್ನು ಹೀಗೆ ಒಳಗೊಳಗೇ ಕೂಡಿಸಬಾರದು, ಆರು ಮತ್ತು ಎಂಟು ಹದಿನಾಲ್ಕಾಗಬೇಕು, ಹತ್ತು ಹೇಗಾದೀತು ಎಂದು ಸೀಮೆಸುಣ್ಣ ಹಿಡಿದು ಬಿಡಿಸಿ ಬಿಡಿಸಿ ಹೇಳಿದರು. ನನಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿದ್ದ ವಿಷಯವನ್ನು, ಇಡೀ ಮಂಡಿಯ ಎದುರು, ತಲೆ ತಗ್ಗಿಸಿಕೊಂಡು ಹೂಂ ಹೂಂ ಎಂದು ಕೇಳಬೇಕಾಯಿತು. ನಾನಲ್ಲ, ಇವನು ಎಂದು ಅನ್ನಲು ನಾಲಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಮದುವೆ ಅಲ್ಲಿಗೇ ಮುರಿಯುತ್ತಿತ್ತು. ನುಂಗಿಕೊಂಡೆ. ಹೊರಡುವಾಗ ಅವರು ಅಣ್ಣನಿಗೆ, ತಂಗಿಯ ಕಡೆ ಸ್ವಲ್ಪ ಗಮನ ಕೊಡಿ, ಪಾಪ ಬಹಳ ಹಿಂದಿದ್ದಾಳೆ ಎಂದರು. ಅಣ್ಣ ಕೈ ಮುಗಿದು, ಆಗಲಿ ಸಾರ್ ಎಂದ.

ಆ ಚೀಲದ ಈರುಳ್ಳಿಯನ್ನು ಸ್ಟೇಷನ್ನಿನವರೆಗೂ ಹೊತ್ತುಕೊಂಡು ಹೋಗಿ ರೈಲು ಹತ್ತಿಸಿ ಬಂದ. ಹಾಗೆ ಹೊರುವ ಬದಲು ಒಂದು ನಿಜ ಹೊತ್ತಿದ್ದರೆ ಹಗುರವಾಗಿರುತ್ತಿತ್ತು. ನಾನು ಅವನ ಜೊತೆ ಮಾತು ಬಿಟ್ಟೆ. ಅವನು ಅಡುಗೆಮನೆಗೆ ಬಂದರೆ ನಾನು ಹಿತ್ತಲಿಗೆ, ಅವನು ಹಿತ್ತಲಿಗೆ ಬಂದರೆ ನಾನು ಅಟ್ಟಕ್ಕೆ. ಕೊನೆಗೊಂದು ಸಂಜೆ ಉಗ್ರಾಣದಲ್ಲಿ ಕೊಳೆತ ಈರುಳ್ಳಿ ಆಯುತ್ತಿದ್ದೆ. ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು ತಾನೂ ಆಯತೊಡಗಿದ. ಆಯುತ್ತಲೇ ಕೇಳಿದ.

"ಹಂಗಾದ್ರೆ ಸೂಟು ಇಲ್ವೇನೇ?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ. ಕರಣಿ ನಿನ್ನ ಮಂಡಿಗೆ ಮಾಲು ಹಾಕಲ್ಲ."

ಅವನು ಕೈಯಲ್ಲಿದ್ದ ಈರುಳ್ಳಿಯನ್ನು ತಿರುಗಿಸುತ್ತಾ ಕೂತ. ಆ ಹುಡುಗಿ ಮಾರ್ಚ್ ತನಕ ಅಂದಿದ್ದಾಳೆ, ಆಮೇಲೆ ಕಾಯುವುದಿಲ್ಲ, ಹೇಳಿಕೊಡು ಎಂದ. ಅಪ್ಪನಿಗೆ ಗೊತ್ತಾಗುವುದು ಬೇಡ ಎಂದೂ ಅಂದ. ಆ ಎರಡನೆಯ ಮಾತಿಗೆ ನಾನು ಎದ್ದು ಹೋಗಬೇಕಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅಜ್ಜಿ ಒಳಗೆ ಬಂದಳು. "ಹೇಳ್ಕೊಡೇ ಅತ್ಲಾಗೆ. ಇವನ್ನ ನೆಚ್ಕಂಡ್ರೆ ನಿನಗೆ ಅತ್ತಿಗೆ ಬರಲ್ಲ, ನನಗೆ ರೊಟ್ಟಿ ತಟ್ಟೋಳು ಬರಲ್ಲ. ಲೋ, ನೀನು ನೆಲದ ಮೇಲೆ ಕೂತ್ಕೋ. ಅವಳು ಮೂಟೆ ಮೇಲೆ ಕೂತ್ಕಂತಾಳೆ. ಗುರು ಅಂದ್ರೆ ಎತ್ತರದಲ್ಲಿರ್ಬೇಕು."

ಹೀಗೆ ಉಗ್ರಾಣದಲ್ಲಿ ಪಾಠ ಶುರುವಾಯಿತು. ಹೆಸರಿಗೆ ತರೀಕೆರೆಗೂ ಹೋಗಿ ಬರುತ್ತಿದ್ದ, ಅಪ್ಪನ ಸಮಾಧಾನಕ್ಕೆ. ನಾನು ಹತ್ತನೇ ತರಗತಿಯವಳು ಕಲಿಸಿದ ರೀತಿಯನ್ನು ಯಾವ ಟ್ರೈನಿಂಗ್ ಕಾಲೇಜೂ ಒಪ್ಪಲಿಕ್ಕಿಲ್ಲ. ಆದರೆ ಮಂಡಿಯವನ ತಲೆಗೆ ಮಂಡಿಯ ದಾರಿಯಿಂದಲೇ ಹೋಗಬೇಕು. ಕರಣಿ ಎಂದರೆ ಬಾಯಿ ಹೊಲಿದ ಚೀಲ ಎಂದೆ. √2 ಒಂದು ಚೀಲ. ಅಂಥ ಮೂರು ಚೀಲ, ಅಂಥವೇ ಐದು ಚೀಲ, ಕೂಡಿದರೆ ಎಂಟು ಚೀಲ. ಹೊಲಿಗೆ ಬಿಚ್ಚುವ ಹಾಗಿಲ್ಲ. √2 ಈರುಳ್ಳಿ, √3 ಮೆಣಸಿನಕಾಯಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಡಬಹುದು, ಒಂದರೊಳಗೊಂದು ಸುರಿಯಬಾರದು. ಇದು ಅವನಿಗೆ ಒಂದೇ ಏಟಿಗೆ ಹಿಡಿಸಿತು. ಮೆಣಸಿನಕಾಯಿ ಮೇಲೆ ಈರುಳ್ಳಿ ಸುರಿಯುವವನನ್ನು ಅವನು ಎಂದೂ ಕ್ಷಮಿಸುತ್ತಿರಲಿಲ್ಲ.

ಆದರೆ √12 ಬಂದ ದಿನ ಮತ್ತೆ ಕೆಟ್ಟಿತು. ಹನ್ನೆರಡು ಎಂದರೆ ನಾಲ್ಕು ಮೂರಲ, ನಾಲ್ಕಕ್ಕೆ ಮೂಲ ಎರಡು, ಆ ಎರಡು ಹೊರಗೆ ಬರುತ್ತದೆ, ಮೂರು ಒಳಗೇ ಉಳಿಯುತ್ತದೆ, 2√3 ಎಂದೆ. ಅವನ ಕಣ್ಣು ಮಿನುಗಿತು.

"ಒಳಗೆ ನಾಕು ಇದ್ದದ್ದು ಹೊರಗೆ ಬರೋ ಹೊತ್ಗೆ ಎಲ್ಡಾಯ್ತಲ್ಲ, ಇದು ಮಾತ್ರ ಸೂಟಲ್ವಾ?"

ನಾನು ಡಸ್ಟರಿನಲ್ಲಿ ಅವನ ಮೊಣಕಾಲ ಮೇಲೆ ಕುಟ್ಟಿದೆ. ಅವನು ನಗುತ್ತಿದ್ದ. ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ಇಂದಿಗೂ ಗೊತ್ತಿಲ್ಲ.

ಘಾತಾಂಕದಲ್ಲಿ ಬೇರೆಯ ರಗಳೆ. ಎರಡರ ಮೇಲೆ ಸೊನ್ನೆ ಹಾಕಿದರೆ ಒಂದು ಎನ್ನುವುದನ್ನು ಅವನು ಒಪ್ಪಲೇ ಇಲ್ಲ. ಏನೂ ಇಲ್ಲದ್ದಕ್ಕೆ ಒಂದು ಎಲ್ಲಿಂದ ಬಂತು, ಯಾರು ತಂದು ಹಾಕಿದರು ಎಂದು ಪಟ್ಟು ಹಿಡಿದ. ನಮ್ಮ ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿಸಿದ್ದರಷ್ಟೇ. ಅವನು ಕೇಳುವವರೆಗೆ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ ಎನ್ನುವುದನ್ನು ಹೇಳಲೇಬೇಕು. ಆ ದಿನ ಪಾಠ ನಿಲ್ಲಿಸಿ, ಮಾರನೆಯ ದಿನ ಬಂದು ಗೋಡೆಯ ಮೇಲೆ ಒಂದರ ಕೆಳಗೊಂದು ಬರೆದೆ. ಎರಡರ ಮೇಲೆ ನಾಲ್ಕು ಹಾಕಿದರೆ ಹದಿನಾರು, ಮೂರು ಹಾಕಿದರೆ ಎಂಟು, ಎರಡು ಹಾಕಿದರೆ ನಾಲ್ಕು, ಒಂದು ಹಾಕಿದರೆ ಎರಡು. ಪ್ರತಿ ಮೆಟ್ಟಿಲಿಗೂ ಅರ್ಧ ಆಗುತ್ತಿದೆ, ಮುಂದಿನದನ್ನು ನೀನೇ ಬರಿ ಎಂದು ಸೀಮೆಸುಣ್ಣ ಕೊಟ್ಟೆ. ಅವನು ಸೊನ್ನೆ ಬರೆದು, ಅದರ ಎದುರಿಗೆ ಒಂದು ಎಂದು ಬರೆದ. ಬರೆದು ಹಿಂದೆ ಸರಿದು ನಿಂತು ನೋಡಿದ. "ಓಹೋ," ಅಂದ, ಅಷ್ಟೇ. ಹಾಗೇ ಯಾರೂ ಹೇಳದೆ ಕೆಳಗಿಳಿದು ಅರ್ಧ, ಕಾಲು ಎಂದು ಬರೆದುಕೊಂಡು ಹೋದ. ತರೀಕೆರೆಯ ಜಗಲಿಯಲ್ಲಿ ಆ ಓಹೋ ಎಂದೂ ಕೇಳಿಬಂದಿರಲಾರದು. ಅಲ್ಲಿ ಬರುತ್ತಿದ್ದ ಶಬ್ದ ಸೀನು ಒಂದೇ.

ಛೇದದಲ್ಲಿರುವ ಕರಣಿಯನ್ನು ತೆಗೆದುಹಾಕುವ ಲೆಕ್ಕಗಳಲ್ಲಿ ಕೆಳಗೆ ಗುಣಿಸಿ ಮೇಲೆ ಗುಣಿಸಲು ಮರೆಯುವುದು ಅವನಿಗೆ ಕೊನೆಯವರೆಗೂ ಹೋಗಲಿಲ್ಲ. ದಿನಾ ಸಂಜೆ ಅದನ್ನೇ ಮಾಡಿಸಿದೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಅಜ್ಜಿ ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಾ, ಅವನು ಮರೆತಾಗಲೆಲ್ಲ "ಮೇಲಕ್ಕೋ" ಎಂದು ಕೂಗುವಷ್ಟು ಕಲಿತುಬಿಟ್ಟಳು.

ಮಾರ್ಚಿನಲ್ಲಿ ಇಬ್ಬರೂ ಬರೆದೆವು, ನಾನು ಶಾಲೆಯಿಂದ, ಅವನು ಖಾಸಗಿಯಾಗಿ ತರೀಕೆರೆಯ ಸೆಂಟರಿನಲ್ಲಿ. ಇಬ್ಬರೂ ಪಾಸಾದೆವು. ನನ್ನ ಪಾಸನ್ನು ಮನೆಯಲ್ಲಿ ಯಾರೂ ಸುದ್ದಿ ಎಂದುಕೊಳ್ಳಲಿಲ್ಲ. ಅವನ ಪಾಸಿಗೆ ಅಪ್ಪ ಸ್ಟೇಷನ್ ರಸ್ತೆಯ ಉದ್ದಕ್ಕೂ ಪೇಡ ಹಂಚಿ, ತರೀಕೆರೆಗೆ ಹೋಗಿ ಆ ಮೇಷ್ಟ್ರಿಗೆ ಶಾಲು ಹೊದಿಸಿ ಬಂದರು.

ಮತ್ತೆ ಕಡೂರಿಗೆ ಹೊರಟೆವು. ಹೋದ ಸಲ ತೊಲೆ ನೋಡಿದ್ದ ಅಪ್ಪ ಈ ಸಲ ಎದೆ ಸೆಟೆಸಿ ಕೂತಿದ್ದರು. ಹುಡುಗಿಯ ತಂದೆ ಸಂತೋಷವಾಗಿಯೇ ಮಾತಾಡಿಸಿದರು. ಇಷ್ಟು ವರ್ಷ ಬಿಟ್ಟು ಮತ್ತೆ ಕೂತು ಪಾಸು ಮಾಡುವುದು ಸಣ್ಣ ಮಾತಲ್ಲ, ಯಾರ ಹತ್ತಿರ ಪಾಠವಾಯಿತು ಎಂದು ಕೇಳಿದರು. ಅಪ್ಪ ತರೀಕೆರೆ ಮೇಷ್ಟ್ರ ಹೆಸರನ್ನು ದೇವರ ಹೆಸರಿನ ಹಾಗೆ ಹೇಳಿದರು.

ಕಡೂರಿನ ಮೇಷ್ಟ್ರ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ವೀಳ್ಯದ ತಟ್ಟೆಯನ್ನು ಪಕ್ಕಕ್ಕೆ ಇಟ್ಟರು. ಬಹಳ ಮೆತ್ತಗೆ, ಆದರೆ ಬಿಡದೆ ಹೇಳಿದರು: ಅವರ ಹುಡುಗರು ಪಾಸಾಗುವುದು ಹೇಗೆ ಎಂದು ನಮ್ಮ ಕಡೆಯ ಮೇಷ್ಟ್ರುಗಳಿಗೆಲ್ಲ ಗೊತ್ತು. ಸೆಂಟರಿನ ಕಿಟಕಿ ಯಾವ ಕಡೆಗಿದೆ ಎಂದೂ ಗೊತ್ತು. "ಚೀಟಿಯಿಂದ ಪಾಸಾಗೋದಕ್ಕಿಂತ ನಪಾಸಾಗಿ ಬಂದಿದ್ರೆ ನನಗೆ ಬೇಜಾರಿರ್ತಿರಲಿಲ್ಲ."

ಅಪ್ಪ ರೇಗಿದರು. ನಮ್ಮದು ಮರ್ಯಾದಸ್ಥರ ಮನೆ ಎಂದರು, ಮಠದ ಹೆಸರು ತೆಗೆದರು, ಬೇಕಿದ್ದರೆ ಆ ಮೇಷ್ಟ್ರನ್ನೇ ಕರೆಸುತ್ತೇನೆ ಎಂದರು. ಕರೆಸಿದ್ದರೆ ಚೆನ್ನಾಗಿರುತ್ತಿತ್ತು. ಮಾತು ಏರುತ್ತಿದ್ದಂತೆ ಒಳಬಾಗಿಲ ಹಿಂದೆ ಬಳೆಗಳ ಸದ್ದು ನಿಂತುಹೋಯಿತು. ಅಣ್ಣ ಅದನ್ನು ಗಮನಿಸಿದ. ನಾನೂ ಗಮನಿಸಿದೆ. ಅವನು ತನ್ನ ಮೊಣಕಾಲು ನೋಡುತ್ತಾ ಹೇಳಿದ.

"ಚೀಟಿ ಇಟ್ಟಿಲ್ಲ ಸಾರ್. ನಂಗೆ ಹೇಳ್ಕೊಟ್ಟಿದ್ದು ಇವಳು."

ಎಲ್ಲರೂ ನನ್ನ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಈ ಮಗುವಾ? ಅವತ್ತು ಬೋರ್ಡಿನ ಮೇಲೆ ಬರೆದಿದ್ದಳಲ್ಲ..."

"ಅದನ್ನ ಬರ್ದಿದ್ದು ನಾನು. ನಿಮ್ಮೆದುರಿಗೆ ನಾಚ್ಕೆ ಆಗಿ ಇವಳ ಮೇಲೆ ಹಾಕಿದ್ದೆ."

ಅಪ್ಪನ ಕುತ್ತಿಗೆ ಕೆಂಪಾಗುತ್ತಾ ಹೋದದ್ದು ನನಗೆ ಕಾಣುತ್ತಿತ್ತು. ಮಗ ಸುಳ್ಳು ಹೇಳಿದ್ದನೆಂದಲ್ಲ. ಅದು ಅವರಿಗೆ ಅವತ್ತೇ ಗೊತ್ತಿತ್ತು. ಮೀಸೆಯವನು ಜಡೆಯವಳ ಮುಂದೆ ಕೂತದ್ದು ಬೀಗರ ಮನೆಯ ನಡುಮನೆಯಲ್ಲಿ ಬಯಲಾಯಿತಲ್ಲ, ಅದಕ್ಕೆ. ಅಜ್ಜಿ ಮಾತ್ರ ನಿರಾಳವಾಗಿ, ತಾನೂ ಅಲ್ಲೇ ಕೂತು ಕೇಳಿದ್ದೇನೆ, ಇವನು ಯಾವಾಗಲೂ ಮೇಲಕ್ಕೆ ಗುಣಿಸೋದು ಮರೀತಾನೆ ಎಂದಳು. ಮೇಷ್ಟ್ರಿಗೆ ಅಲ್ಲಿಯವರೆಗೆ ತಡೆದುಕೊಂಡಿದ್ದ ನಗು ಬಂದುಬಿಟ್ಟಿತು. ಮರೆಯದವನನ್ನು ತಾನಿನ್ನೂ ನೋಡಿಲ್ಲ ಎಂದರು. ಆದರೂ ಕೇಳುವುದೊಂದು ಉಳಿದಿತ್ತೇನೋ, ಪೆನ್ಸಿಲಿಗಾಗಿ ಜೇಬು ತಡಕಾಡುತ್ತಿದ್ದರು.

ಹುಡುಗಿಯೇ ಹೊರಗೆ ಬಂದಳು. "ಸಾಕು ಬಿಡಿ ಅಪ್ಪಾ. ಕಾಫಿ ಆರೋಗ್ತೈತೆ," ಎಂದಳು. ಕೈಯಲ್ಲಿ ತಟ್ಟೆ. ಮೊದಲ ಲೋಟವನ್ನು ನನ್ನ ಮುಂದೆ ಹಿಡಿದಳು. ಎರಡನೆಯದನ್ನು ಅಜ್ಜಿಗೆ ಕೊಟ್ಟಳು. ಈ ಹಿಂದುಮುಂದನ್ನು ಅಜ್ಜಿ ಬದುಕಿರುವವರೆಗೂ ಮರೆಯಲಿಲ್ಲ, ನೆನಪಿಸುವುದನ್ನೂ ಬಿಡಲಿಲ್ಲ. ಅಣ್ಣನ ಲೋಟ ಕೊನೆಯಲ್ಲಿ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ವೀಳ್ಯದ ತಟ್ಟೆ ಮತ್ತೆ ನಡುವಿಗೆ ಬಂತು.

ಮರಳುವ ರೈಲಿನಲ್ಲಿ ಅಪ್ಪ ನಮಗೆಲ್ಲ ಎಚ್ಚರಿಕೆ ಕೊಟ್ಟರು. ಕಡೂರಿನ ಮಾತು ಕಡೂರಿಗೆ. ಅಜ್ಜಂಪುರದಲ್ಲಿ ಯಾರಾದರೂ ಕೇಳಿದರೆ ಪಾಠ ತರೀಕೆರೆ ಮೇಷ್ಟ್ರದು. ಪೇಡ ಹಂಚಿ ಆಗಿದೆ, ಶಾಲು ಹೊದಿಸಿ ಆಗಿದೆ, ಇನ್ನು ಮಾತು ಬದಲಾಯಿಸಿದರೆ ಜನ ಏನನ್ನಬೇಕು. ಹಾಗಾಗಿ ಆ ವರ್ಷ ನಮ್ಮ ಊರಿನ ಎಷ್ಟೋ ಅಂಗಡಿಗಳ ಹುಡುಗರು ತರೀಕೆರೆಯ ಬಸ್ಸು ಹತ್ತಿದರು. ಈರುಳ್ಳಿ ಮಂಡಿಯವನನ್ನೇ ಪಾಸು ಮಾಡಿಸಿದ ಮೇಷ್ಟ್ರಂತೆ ಎಂದು ಬಂದವರಿಗೆ ಜಗಲಿ ಸಾಲದೆ ಅಂಗಳಕ್ಕೂ ಚಾಪೆ ಹಾಸಿದರಂತೆ.

ಮದುವೆ ಕಡೂರಿನಲ್ಲಿ ಆಯಿತು. ಬೀಗರ ಊಟ ನಮ್ಮಲ್ಲಿ. ಮೊದಲ ಪಂಕ್ತಿಯಲ್ಲಿ, ಕಡೂರಿನ ಮೇಷ್ಟ್ರ ಪಕ್ಕದ ಎಲೆಗೇ, ಅಪ್ಪ ತರೀಕೆರೆಯ ಮೇಷ್ಟ್ರನ್ನು ಕೂರಿಸಿದ್ದರು. ಅದೇ ಶಾಲು ಹೊದ್ದು ಬಂದಿದ್ದರು. ಎದುರಿನ ಪಂಕ್ತಿಯಲ್ಲಿ ಅಣ್ಣ, ಅತ್ತಿಗೆ. ನಾನು ತುಪ್ಪದ ಗಿಂಡಿ ಹಿಡಿದು ಬಡಿಸುತ್ತಾ ಬಂದೆ. ಹೋಳಿಗೆ ಮುರಿಯುತ್ತಿದ್ದ ತರೀಕೆರೆಯ ಮೇಷ್ಟ್ರು ತಲೆಯೆತ್ತಿ, ಹುಡುಗನ ತಂಗಿಯಾ, ಏನು ಓದಿದ್ದೀಯಾ ಎಂದು ಕೇಳಿದರು. ಜಗಲಿಗೆ ಬಂದು ಕೇಳಿದ್ದವಳ ಗುರುತು ಅವರಿಗೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದೆ ಎಂದೆ. ಲೆಕ್ಕದಲ್ಲಿ ಎಷ್ಟು ಎಂದರು. ಹೇಳಿದೆ. ಅವರು ಮರುಕದಿಂದ ತಲೆಯಾಡಿಸಿದರು.

"ಪರವಾಗಿಲ್ಲ. ನನ್ ಹತ್ರ ಬಂದಿದ್ರೆ ಇನ್ನೂ ಒಂದಿಷ್ಟು ಬಂದಿರೋದು. ನೋಡು, ನಿಮ್ಮಣ್ಣನ್ನ ಹೆಂಗೆ ತಯಾರ್ ಮಾಡ್ದೆ."

ಕಡೂರಿನ ಮೇಷ್ಟ್ರು ತಮ್ಮ ಎಲೆಯ ಕೋಸಂಬರಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಎದುರಿಗೆ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಣ್ಣ ಏನೋ ಹೇಳಲು ಬಾಯಿ ತೆರೆದ. ಪಂಕ್ತಿಯ ಕೊನೆಯಲ್ಲಿ ನಿಂತಿದ್ದ ಅಪ್ಪನನ್ನು ನೋಡಿ ತೆರೆದ ಬಾಯಿಗೆ ಹೋಳಿಗೆ ಇಟ್ಟುಕೊಂಡ.

ತುಪ್ಪ ಹಾಕಲೇ ಸಾರ್ ಎಂದು ತರೀಕೆರೆ ಮೇಷ್ಟ್ರನ್ನು ಕೇಳಿದೆ. ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದು, ಬೆರಳ ಸಂದಿ ಬಿಟ್ಟುಕೊಂಡರು. ಹಾಕಿದೆ.